ಸರ್ಟಿಫಿಕೇಟ್ ಕೊಳ್ಳಬೇಡಿ, ನವೆಂಬರ್ ನೆನಪಿಡಿ

1/8

ಫೋಟೋದಲ್ಲಿರೋದು ನನ್ನ ಮೊದಲ "ಇಂಟರ್ನ್‌ಶಿಪ್" ಸರ್ಟಿಫಿಕೇಟ್. ಬಂಗಾರದ ಬಣ್ಣದ ಬಾರ್ಡರ್, ಹೊಳೆಯೋ ಸ್ಟಿಕ್ಕರ್, ಎರಡು ಸಹಿ. ಬೆಲೆ 8,500 ರೂಪಾಯಿ. ಹತ್ತು ದಿನದ ಕೋರ್ಸ್. ಪಿಜಿ, ಊಟ, ಬಸ್ ಚಾರ್ಜ್ ಬೇರೆ.

ಆಗ ಬಿಎಸ್ಸಿ ಮೊದಲ ವರ್ಷ ಮುಗಿದಿತ್ತು. ಬೆಂಗಳೂರಿನ ಒಂದು ಖಾಸಗಿ ಟ್ರೈನಿಂಗ್ ಸೆಂಟರ್. ಹೆಸರು ಹೇಳಲ್ಲ, ಯಾಕಂದ್ರೆ ಅಂಥದ್ದು ಅದೊಂದೇ ಅಲ್ಲ. ನಾವು 40 ಜನ ಇದ್ವಿ. ಮೈಕ್ರೋಪಿಪೆಟ್ ನನ್ನ ಕೈಗೆ ಬಂದಿದ್ದು ಎರಡು ಸಲ. ಡಿಎನ್‌ಎ ತೆಗೆದ್ವಿ ಅಂದ್ರು, ಪಿಸಿಆರ್ ಮಷೀನ್ ದೂರದಿಂದ ತೋರಿಸಿದ್ರು, ಕೊನೇ ದಿನ ಎಲ್ಲರಿಗೂ ರಿಪೋರ್ಟ್ ಕೊಟ್ಟು ಗ್ರೂಪ್ ಫೋಟೋ ತೆಗೆದ್ರು.

ವಾಪಸ್ ಬರೋವಾಗ ರೈಲಲ್ಲಿ ಸುಮ್ನೆ ಗೆಳತಿಯ ರಿಪೋರ್ಟ್ ತೆಗೆದು ನೋಡಿದೆ. ಅವಳ ಜೆಲ್ ಫೋಟೋ, ನನ್ನ ಜೆಲ್ ಫೋಟೋ ಎರಡೂ ಒಂದೇ. ಅದೇ ಬ್ಯಾಂಡು. ಎಡಗಡೆ ಮೂಲೆಯಲ್ಲಿ ಅದೇ ಗಾಳಿಗುಳ್ಳೆ. ಆಮೇಲೆ ವಾಟ್ಸಾಪ್ ಗ್ರೂಪಲ್ಲಿ ಕೇಳಿದೆ. ಉತ್ತರ ಕೊಟ್ಟವರೆಲ್ಲರ ಹತ್ರಾನೂ ಅದೇ ಫೋಟೋ. ಯಾರ ಡಿಎನ್‌ಎ ಅದು? ದೇವರಿಗೇ ಗೊತ್ತು.

ಆ 8,500 ಅಪ್ಪ ಗೋವಿನಜೋಳ ಮಾರಿದ ದುಡ್ಡು. ಕೊಡುವಾಗ ಹೇಳಿದ್ರು, "ರೊಕ್ಕ ಇಲ್ದ ಯಾರ್ ಕಲಸ್ತಾರ, ತಗೊ."

ಅಪ್ಪನ ಆ ಮಾತು ತಪ್ಪು. ನಮಗೇ ದುಡ್ಡು ಕೊಟ್ಟು ಕಲಿಸೋ ಜಾಗಗಳಿವೆ. ಅದೇ ಬೇಸಿಗೆಯಲ್ಲಿ, ಅದೇ ಬೆಂಗಳೂರಲ್ಲಿ, ನನ್ನದೇ ವಯಸ್ಸಿನವರು ಫೆಲೋಶಿಪ್ ತಗೊಂಡು ನಿಜವಾದ ಲ್ಯಾಬಲ್ಲಿ ಕೂತಿದ್ರು. ನನಗೆ ಅದು ಗೊತ್ತಾಗಿದ್ದು ಒಂದು ವರ್ಷ ತಡವಾಗಿ.

ನಿಮಗೆ ತಡ ಆಗಬಾರದು ಅಂತ ಈ ಎಂಟು ಪೋಸ್ಟ್. ಸ್ವಲ್ಪ ಸಿಟ್ಟಲ್ಲೇ ಬರೀತಿದ್ದೀನಿ. ಸಹಿಸ್ಕೊಳ್ಳಿ.

2/8

ಮೊದಲು ಇರೋದೇನು ಅಂತ ಹೇಳಿಬಿಡ್ತೀನಿ. ಜಗಳ ಆಮೇಲೆ.

ಒಂದು: ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸೋ ಸಮ್ಮರ್ ರಿಸರ್ಚ್ ಫೆಲೋಶಿಪ್. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ (ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ್ದು), ದೆಹಲಿಯ ಇನ್ಸಾ, ಪ್ರಯಾಗರಾಜ್‌ನ ನಾಸಿ. ಆಯ್ಕೆ ಆದ್ರೆ ಸುಮಾರು ಎರಡು ತಿಂಗಳು ಒಬ್ಬ ವಿಜ್ಞಾನಿ ಜೊತೆ ಕೆಲಸ. ತಿಂಗಳಿಗೆ ಫೆಲೋಶಿಪ್ ಹಣ ಅವರೇ ಕೊಡ್ತಾರೆ. ನೀವು ಮಾಡಬೇಕಾದ್ದು ಮುಖ್ಯವಾಗಿ ಎರಡು: ಏನು ಮಾಡಬೇಕು, ಯಾಕೆ ಮಾಡಬೇಕು ಅಂತ ಒಂದು ಸಣ್ಣ ಬರಹ, ನಿಮ್ಮನ್ನ ಬಲ್ಲ ಒಬ್ಬ ಮೇಷ್ಟ್ರ ಶಿಫಾರಸು ಪತ್ರ.

ಎರಡು: ಜಕ್ಕೂರಿನ ಜವಾಹರಲಾಲ್ ನೆಹರು ಸೆಂಟರ್, ಅಂದ್ರೆ ಜೆಎನ್‌ಸಿಎಎಸ್‌ಆರ್. ಇಲ್ಲೂ ಬೇಸಿಗೆ ಫೆಲೋಶಿಪ್ ಇದೆ. ಜೊತೆಗೆ ಜೀವಶಾಸ್ತ್ರದ ಬಿಎಸ್ಸಿಯವರಿಗೇ ಅಂತ ಮಾಡಿದ್ದು "ಪೋಬ್" ಅನ್ನೋ ಕಾರ್ಯಕ್ರಮ. ಅದು ಒಂದೇ ಬೇಸಿಗೆಗೆ ಮುಗಿಯಲ್ಲ. ಸತತ ಮೂರು ಬೇಸಿಗೆ ಹೋಗಿ ಕೆಲಸ ಕಲೀಬೇಕು. ಅದಕ್ಕೇ ಮೊದಲ ವರ್ಷದಲ್ಲೇ ಕಣ್ಣಿಟ್ಟಿರಬೇಕು.

ಮೂರು: ಪ್ರಕಟಣೆ ಇಲ್ಲದ ಬಾಗಿಲುಗಳು. ಜಿಕೆವಿಕೆ ಆವರಣದ ಎನ್‌ಸಿಬಿಎಸ್, ಐಐಎಸ್ಸಿ, ಮೈಸೂರಿನ ಸಿಎಫ್‌ಟಿಆರ್‌ಐ, ನಮ್ಮ ಕೃಷಿ ವಿಶ್ವವಿದ್ಯಾಲಯಗಳು, ನಿಮ್ಮದೇ ವಿಶ್ವವಿದ್ಯಾಲಯದ ಪಿಜಿ ವಿಭಾಗ. ಇಲ್ಲೆಲ್ಲ ಲ್ಯಾಬ್ ನಡೆಸೋ ವಿಜ್ಞಾನಿಗೆ ನೇರವಾಗಿ ಮೇಲ್ ಬರೆದು ಕೇಳಬಹುದು. ಕೇಳೋದಕ್ಕೆ ಯಾರ ಅಪ್ಪಣೆನೂ ಬೇಡ.

ಈಗ ಮುಖ್ಯ ವಿಷಯ. ಕೆಲಸ ಮೇ-ಜೂನಲ್ಲಿ. ಆದ್ರೆ ಅಕಾಡೆಮಿಗಳ ಅರ್ಜಿ ಸಾಮಾನ್ಯವಾಗಿ ಮುಗಿಯೋದು ಅದರ ಹಿಂದಿನ ನವೆಂಬರ್ ಹೊತ್ತಿಗೆ. ಉಳಿದವೂ ಚಳಿಗಾಲ ಮುಗಿಯೋ ಮುಂಚೆನೇ ಶುರುವಾಗಿರ್ತವೆ. ಯಾವ ವರ್ಷದವರು ಹಾಕಬಹುದು, ಎಷ್ಟು ಅಂಕ ಬೇಕು, ಕೊನೇ ದಿನ ಯಾವುದು ಅನ್ನೋದನ್ನ ಆಯಾ ವರ್ಷದ ಪ್ರಕಟಣೆಯಲ್ಲೇ ಓದಿ. ನನ್ನ ಪೋಸ್ಟ್ ನಂಬ್ಕೊಂಡು ಕೂರಬೇಡಿ.

3/8

ಹಾಗಾದ್ರೆ ನಮಗ್ಯಾಕೆ ಗೊತ್ತಾಗಲ್ಲ?

ನಮ್ಮ ಕಾಲೇಜಿನ ನೋಟಿಸ್ ಬೋರ್ಡ್ ನೆನಪು ಮಾಡ್ಕೊಳ್ಳಿ. ನವೆಂಬರಲ್ಲಿ ಅಲ್ಲಿರೋದು ಪರೀಕ್ಷಾ ಶುಲ್ಕದ ದಂಡದ ದಿನಾಂಕ, ಸ್ಕಾಲರ್‌ಶಿಪ್ ಜೆರಾಕ್ಸ್ ಪಟ್ಟಿ, ಹೋದ ವರ್ಷದ ಯುವಜನೋತ್ಸವದ ಪೋಸ್ಟರ್. ಏಪ್ರಿಲ್ ಬಂತು ಅಂದ್ರೆ ಬಣ್ಣಬಣ್ಣದ ಪಾಂಪ್ಲೆಟ್ ಬರುತ್ತೆ: "ಹ್ಯಾಂಡ್ಸ್ ಆನ್ ಟ್ರೈನಿಂಗ್, ಸೀಟು ಸೀಮಿತ, ಗ್ರೂಪಲ್ಲಿ ಬಂದ್ರೆ ರಿಯಾಯಿತಿ." ದುಡ್ಡು ಕೊಡೋ ಅವಕಾಶದ ಸುದ್ದಿ ಬೋರ್ಡಿಗೆ ಬರಲ್ಲ. ದುಡ್ಡು ಕೇಳೋ ಅವಕಾಶ ಕ್ಲಾಸಿನೊಳಗೇ ಬಂದು ಭಾಷಣ ಮಾಡುತ್ತೆ.

ಇದರಲ್ಲಿ ಪಿತೂರಿ ಏನಿಲ್ಲ. ಅಕಾಡೆಮಿಗೆ ನಮ್ಮೂರಿಗೆ ಏಜೆಂಟ್ ಕಳಿಸಬೇಕಾದ ಗರಜಿಲ್ಲ, ಅರ್ಜಿಗಳು ಹೇಗೂ ಬರ್ತವೆ. ಟ್ರೈನಿಂಗ್ ಸೆಂಟರಿಗೆ ಗರಜಿದೆ. ಕಾಲೇಜಿಗೂ ಒಂದು ಲಾಭ ಇದೆ. ಒಂದು ಎಂಒಯು ಸಹಿ ಆಗುತ್ತೆ, ನ್ಯಾಕ್ ಫೈಲಿಗೆ ಒಂದು ಹಾಳೆ ಸೇರುತ್ತೆ, "ಇಷ್ಟು ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್" ಅಂತ ಬರ್ಕೋಬಹುದು. ಆ ಹಾಳೆಯ ಖರ್ಚು ಕೊಟ್ಟಿದ್ದು ಅಪ್ಪನ ಗೋವಿನಜೋಳ.

ಇನ್ನೊಂದು ಕಡೆ ಇನ್‌ಸ್ಪೈರ್ ಸ್ಕಾಲರ್‌ಶಿಪ್. ನಮ್ಮಲ್ಲಿ ಕೆಲವರಿಗೆ ಬರುತ್ತೆ, ವರ್ಷಕ್ಕೆ 80,000. ಅದರಲ್ಲಿ 60,000 ಕೈಗೆ, 20,000 ಬೇಸಿಗೆಯಲ್ಲಿ ಒಬ್ಬ ಸಂಶೋಧಕರ ಕೈಕೆಳಗೆ ಪ್ರಾಜೆಕ್ಟ್ ಮಾಡೋಕೆ ಅಂತಾನೇ ಇಟ್ಟಿದ್ದು. ಎಷ್ಟು ಜನ ಮಾಡ್ತಾರೆ? ನಾನು ಕಣ್ಣಾರೆ ಕಂಡಿದ್ದೀನಿ, ಸೀನಿಯರ್ ರಿಪೋರ್ಟಿನ ಹೆಸರು ಬದಲಾಯಿಸಿ, ಯಾರ ಹತ್ರಾನೋ ಸಹಿ ಹಾಕಿಸಿ ಕಳಿಸೋದನ್ನ. ಸರ್ಕಾರ ಸಂಶೋಧನೆಗೆ ಅಂತ ಕೊಟ್ಟ ದುಡ್ಡಲ್ಲಿ ಮೊಬೈಲ್ ಬಂತು, ಸಂಶೋಧನೆ ಬರಲಿಲ್ಲ. ಇಲ್ಲಿ ಟ್ರೈನಿಂಗ್ ಸೆಂಟರನ್ನ ಬೈಯೋಕೆ ನಮಗೆ ಬಾಯಿಲ್ಲ. ತಪ್ಪು ನಮ್ಮದೇ.

ಮತ್ತೆ ಸುದ್ದಿ ಗೊತ್ತಿದ್ದೂ ಲಿಂಕ್ ಬಚ್ಚಿಟ್ಕೊಳ್ಳೋ ಗೆಳೆಯರು. ನಿಮ್ಮ ಸೀಟು ನಿಮ್ಮ ಪಕ್ಕದ ಬೆಂಚಿನವನು ಕಿತ್ಕೊಳ್ಳಲ್ಲ ಮಾರಾಯ್ರೇ. ದೇಶದ ತುಂಬಾ ಜನ ಹಾಕ್ತಾರೆ. ಪಕ್ಕದವನಿಗೆ ಹೇಳಿ.

4/8

ಮೊನ್ನೆ ಸ್ಟೋರಿಯಲ್ಲಿ ಇದನ್ನೇ ಹೇಳಿದಾಗ ಒಬ್ಬ ಜೂನಿಯರ್ ಮೆಸೇಜ್ ಮಾಡಿದ: "ಅಕ್ಕಾ, ಏನೂ ಇಲ್ಲದೇ ಇರೋದಕ್ಕಿಂತ ಅದು ವಾಸಿ ಅಲ್ವಾ? ರೆಸ್ಯೂಮೆಗೆ ಒಂದು ಸಾಲಾದ್ರೂ ಬರುತ್ತೆ."

ಪ್ರಶ್ನೆ ನ್ಯಾಯವಾಗಿದೆ. ಹಾಗಾಗಿ ಸರಿಯಾಗೇ ಉತ್ತರ ಕೊಡ್ತೀನಿ.

ಶುಲ್ಕ ತಗೊಳ್ಳೋದೆಲ್ಲ ಮೋಸ ಅಂತ ನಾನು ಹೇಳ್ತಿಲ್ಲ. ಎಂಜೈಮಿಗೆ, ಕಿಟ್ಟಿಗೆ ದುಡ್ಡಾಗುತ್ತೆ. ಕೆಲವು ಸರ್ಕಾರಿ ಸಂಸ್ಥೆಗಳೂ ಪ್ರಾಜೆಕ್ಟ್ ಮಕ್ಕಳಿಂದ ಶುಲ್ಕ ತಗೋತವೆ. ಒಂದು ಬ್ಯಾಚಿಗೆ ನಾಲ್ಕೈದೇ ಜನ, ಪ್ರತಿಯೊಬ್ಬರ ಕೈಗೂ ಪಿಪೆಟ್, ಕೆಟ್ಟ ಜೆಲ್ ಬಂದ್ರೆ ಇನ್ನೊಂದು ಸಲ ಮಾಡಿಸೋರು ಇದ್ರೆ, ನಿಮ್ಮ ಹತ್ರ ದುಡ್ಡೂ ಇದ್ರೆ, ಕಲೀರಿ. ಅದು ಕೈಕೆಲಸದ ತರಬೇತಿ. ಹೊಲಿಗೆ ಕಲಿತ ಹಾಗೆ, ಡ್ರೈವಿಂಗ್ ಕಲಿತ ಹಾಗೆ.

ಆದ್ರೆ ಅದನ್ನ ಸಂಶೋಧನೆ ಅಂತ ಕರೀಬೇಡಿ. ಅಲ್ಲಿ ಉತ್ತರ ಮೊದಲೇ ಗೊತ್ತಿರುತ್ತೆ. ಬ್ಯಾಂಡ್ ಎಲ್ಲಿ ಬರಬೇಕು ಅಂತ ಹಾಳೆಯಲ್ಲಿ ಬರೆದಿರುತ್ತೆ. ಬರದೇ ಇದ್ರೆ ಬಂದಿರೋ ಫೋಟೋ ಕೊಡ್ತಾರೆ! ಸಂಶೋಧನೆಯಲ್ಲಿ ಬ್ಯಾಂಡ್ ಬರದೇ ಇದ್ದ ದಿನವೇ ಕೆಲಸ ಶುರು.

ಇನ್ನು ರೆಸ್ಯೂಮೆಯ ಸಾಲು. ಅದನ್ನ ಓದೋರು ಹತ್ತಾರು ವರ್ಷ ಲ್ಯಾಬಲ್ಲಿ ಕೂತವರು. "ಹತ್ತು ದಿನದಲ್ಲಿ 14 ತಂತ್ರ ಕಲಿತೆ" ಅಂತ ಬರೆದ್ರೆ ಅವರು ಕೇಳೋದು ಒಂದೇ ಪ್ರಶ್ನೆ: "ನೀನು ಏನು ಕಂಡೆ?" ಆ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ. 8,500 ಕೊಟ್ಟಿದ್ದೆ, ಹೇಳೋಕೆ ಒಂದು ಮಾತಿಲ್ಲ.

ಜೊತೆಗೆ ಒಂದು ದೊಡ್ಡ ನಷ್ಟ ಇದೆ, ಅದು ದುಡ್ಡಿನದಲ್ಲ. ಮನೆಯಲ್ಲಿ ಒಂದು ಸಲ ದುಡ್ಡು ಕೊಟ್ಟು ಕಳಿಸಿದ ಮೇಲೆ ಎರಡನೇ ಸಲ "ಬೆಂಗಳೂರಿಗೆ ಹೋಗ್ತೀನಿ" ಅಂತ ಕೇಳೋಕೆ ನಾಲಿಗೆ ಬರಲ್ಲ. ಹೆಣ್ಣುಮಕ್ಕಳಿಗಂತೂ ಸಿಗೋದೇ ಒಂದು ಅವಕಾಶ. ಅದನ್ನ ಸ್ಟಿಕ್ಕರಿಗೆ ಖರ್ಚು ಮಾಡ್ಬಿಟ್ರೆ ಮುಗೀತು.

5/8

ಈ ಫೋಟೋ ನೋಡಿ ಹೆದರಬೇಡಿ. ಇದು ಫಾಲ್ ಸೈನಿಕ ಹುಳು. ತಲೆ ಮೇಲೆ ತಲೆಕೆಳಗಾದ ವೈ ಅಕ್ಷರದ ಗುರುತು, ಬಾಲದ ಹತ್ರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಅಮೆರಿಕ ಖಂಡದ ಮೂಲದ್ದು. ಭಾರತದಲ್ಲಿ ಮೊದಲ ಸಲ ವರದಿ ಆಗಿದ್ದು 2018ರಲ್ಲಿ, ನಮ್ಮ ಕರ್ನಾಟಕದ ಗೋವಿನಜೋಳದಲ್ಲೇ. ನಮ್ಮ ಹೊಲದ ಸುಳಿಯನ್ನೂ ತಿಂದಿದ್ದು ಇದೇ.

ಎರಡನೇ ವರ್ಷದ ನವೆಂಬರಲ್ಲಿ ಅಕಾಡೆಮಿಗೆ ಅರ್ಜಿ ಹಾಕಿದೆ. ಆಗಲಿಲ್ಲ. ಎರಡು ದಿನ ಅತ್ತೆ. ಆಮೇಲೆ 14 ಜನಕ್ಕೆ ಮೇಲ್ ಬರೆದೆ. ಉತ್ತರ ಬಂದಿದ್ದು ಮೂರು. ಎರಡು "ಜಾಗ ಇಲ್ಲ". ಒಂದು, ಹತ್ತಿರದ ಒಂದು ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗದಿಂದ: "ಬಾಮ್ಮ. ದುಡ್ಡು ಕೊಡೋಕಾಗಲ್ಲ, ತಗೊಳ್ಳೋದೂ ಇಲ್ಲ." ಚಿಕ್ಕಮ್ಮನ ಮನೆಯಲ್ಲಿ ಉಳಿದು ಆರು ವಾರ ಹೋದೆ.

ಮೊದಲ ವಾರವೇ ಎಡವಟ್ಟು. 20 ದಪ್ಪ ಹುಳುಗಳನ್ನ ಒಂದೇ ಡಬ್ಬಿಗೆ ಹಾಕಿ, ಎಲೆ ಇಟ್ಟು, ಮುಚ್ಚಿ ಹೋದೆ. ಬೆಳಿಗ್ಗೆ ಎಣಿಸಿದ್ರೆ 13. ಮುಚ್ಚಳ ಭದ್ರವಾಗಿತ್ತು. ಮೂರು ಸಲ ಎಣಿಸಿದೆ. ಸರ್‌ಗೆ ಹೇಳೋಕೆ ಭಯ. ಹೇಳಿದ್ರೆ ಅವರು ನಕ್ಕು, "ಉಳಿದ ಏಳು ಎಲ್ಲಿ ಹೋದವು, ನೀನೇ ಹೇಳು" ಅಂದ್ರು.

ಒಂದನ್ನೊಂದು ತಿಂದಿದ್ದವು. ಈ ಹುಳು ತನ್ನ ಜಾತಿಯನ್ನೇ ತಿನ್ನುತ್ತೆ. ಅದಕ್ಕೇ ಒಂದೊಂದನ್ನೂ ಬೇರೆ ಬೇರೆ ಕಪ್ಪಲ್ಲಿ ಸಾಕಬೇಕು. ಅದು ನನಗೆ ಗೊತ್ತಿರಲಿಲ್ಲ. ಆಮೇಲೆ ಅದೇ ನನ್ನ ಪ್ರಶ್ನೆ ಆಯ್ತು: ಎಲೆ ಸಾಕಷ್ಟಿದ್ರೂ ತಿಂತವಾ? ಎಷ್ಟು ದೊಡ್ಡದಾದ ಮೇಲೆ ಶುರು ಮಾಡ್ತವೆ? ದಿನಾ ಎಣಿಸಿದೆ. ಹೊಸದೇನೂ ಕಂಡುಹಿಡೀಲಿಲ್ಲ, ತಿಳಿದವರಿಗೆ ಮೊದಲೇ ತಿಳಿದಿದ್ದ ವಿಷಯ ಅದು. ಆದ್ರೆ ನನ್ನ ನೋಟ್‌ಬುಕ್ಕಿನ ಸಂಖ್ಯೆಗಳು ಬೇರೆ ಯಾರ ನೋಟ್‌ಬುಕ್ಕಲ್ಲೂ ಇರಲಿಲ್ಲ.

ಸರ್ಟಿಫಿಕೇಟ್ ಅಂತ ಸಿಕ್ಕಿದ್ದು ಲೆಟರ್‌ಹೆಡ್ ಮೇಲೆ ನಾಲ್ಕು ಸಾಲು. ಸ್ಟಿಕ್ಕರ್ ಇಲ್ಲ. ಈಗ ಯಾರಾದ್ರೂ "ಏನು ಕಂಡೆ" ಅಂದ್ರೆ ಅರ್ಧ ಗಂಟೆ ಮಾತಾಡ್ತೀನಿ.

6/8

"ಮೇಲ್ ಹೇಗೆ ಬರೆದ್ರಿ ಅಕ್ಕಾ, ಸ್ಯಾಂಪಲ್ ಕಳಿಸಿ" ಅಂತ ಎಲ್ಲರೂ ಕೇಳ್ತೀರಿ. ಕಳಿಸಲ್ಲ. ಕಳಿಸಿದ್ರೆ ನಾಳೆ 200 ಜನ ಅದನ್ನೇ ಅಂಟಿಸ್ತೀರಿ. 40 ಜನಕ್ಕೆ ಒಂದೇ ಜೆಲ್ ಫೋಟೋ ಕೊಟ್ಟವರಿಗೂ ನಮಗೂ ಆಗ ಏನು ವ್ಯತ್ಯಾಸ?

ಏನಿರಬೇಕು ಅನ್ನೋದನ್ನ ಮಾತ್ರ ಹೇಳ್ತೀನಿ.

ನೀವು ಯಾರು, ಯಾವ ಕಾಲೇಜು, ಯಾವ ವರ್ಷ: ಒಂದು ಸಾಲು.

ಅವರ ಕೆಲಸದಲ್ಲಿ ನೀವು ಏನು ಓದಿದ್ರಿ, ಅದರಲ್ಲಿ ಏನು ಅರ್ಥ ಆಯ್ತು, ಏನು ಅರ್ಥ ಆಗಲಿಲ್ಲ: ಮೂರು ಸಾಲು. ಇದೇ ಮುಖ್ಯ. ಪೂರ್ತಿ ಪೇಪರ್ ಅರ್ಥ ಆಗಬೇಕಿಲ್ಲ. ಸಾರಾಂಶ ಮತ್ತು ಒಂದು ಚಿತ್ರ ಅರ್ಥ ಮಾಡ್ಕೊಂಡ್ರೂ ಸಾಕು. ನಾನು ಬರೆದಿದ್ದು, "ಈ ಹುಳು ನಮ್ಮ ಹೊಲಕ್ಕೆ ಬಂದಿದೆ, ಅಪ್ಪ ಔಷಧಿ ಹೊಡೆದರೂ ಸುಳಿಯೊಳಗಿನದು ಸಾಯಲ್ಲ, ಯಾಕೆ ಅಂತ ತಿಳೀಬೇಕು" ಅಂತ.

ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಬರಬಹುದು, ಉಳಿಯೋಕೆ ಜಾಗ ಇದೆಯಾ: ಒಂದು ಸಾಲು.

ಮುಗೀತು. "ನಿಮ್ಮ ಘನ ಸಂಸ್ಥೆಯಲ್ಲಿ ಸೇವೆ ಸಲ್ಲಿಸಲು ಅತ್ಯುತ್ಸುಕಳಾಗಿದ್ದೇನೆ" ಅನ್ನೋ ತರದ್ದು ಬೇಡ. ಒಂದೇ ಮೇಲನ್ನ 60 ಜನಕ್ಕೆ ಒಟ್ಟಿಗೆ ಕಳಿಸೋದು ಬೇಡವೇ ಬೇಡ. ಸಸ್ಯದ ಲ್ಯಾಬಿಗೆ "ನಿಮ್ಮ ಕ್ಯಾನ್ಸರ್ ಸಂಶೋಧನೆ ಇಷ್ಟವಾಯ್ತು" ಅಂತ ಕಳಿಸಿದ ಗೆಳೆಯ ನನಗಿದ್ದಾನೆ. ಇವತ್ತಿಗೂ ಅವನನ್ನ ಆಡ್ಕೋತೀವಿ.

ಕನ್ನಡ ಮೀಡಿಯಮಿನಿಂದ ಬಂದವರಿಗೆ ಒಂದು ಮಾತು. ಮೊದಲು ಕನ್ನಡದಲ್ಲಿ ಬರ್ಕೊಳ್ಳಿ. ಆಮೇಲೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯ ಮಾಡಿ. ಎಐ ಹತ್ರ ಬರೆಸಿದ್ರೆ ಎಲ್ಲರದ್ದೂ ಒಂದೇ ತರ ಬರುತ್ತೆ, ಓದೋರಿಗೆ ಗೊತ್ತಾಗುತ್ತೆ. ಸ್ಪೆಲ್ಲಿಂಗ್ ತಪ್ಪಿದ ಪ್ರಾಮಾಣಿಕ ಪ್ರಶ್ನೆಗೆ ಉತ್ತರ ಸಿಕ್ಕಿದ್ದನ್ನ ನಾನು ನೋಡಿದ್ದೀನಿ. ಅದು ನನ್ನದೇ.

ಎರಡು ವಾರ ಕಾದು ಒಂದು ಸಲ ಮೃದುವಾಗಿ ನೆನಪಿಸಿ. ಆಮೇಲೆ ಬಿಟ್ಟುಬಿಡಿ. ಉತ್ತರ ಬರದೇ ಇದ್ದಿದ್ದು ಅವಮಾನ ಅಲ್ಲ.

7/8

"ಎಲ್ಲಾ ಮಾಡಿದೆ ಅಕ್ಕಾ, ಎಲ್ಲೂ ಆಗಲಿಲ್ಲ. ಮನೆಯಲ್ಲೂ ಕಳಿಸಲ್ಲ." ಇದು ತುಂಬಾ ಜನರ ಕಥೆ. ಅವರಿಗೆ ಈ ಪೋಸ್ಟ್.

ಫೋಟೋದಲ್ಲಿರೋದು ನಮ್ಮನೆ ಕಿಟಕಿ ಮೇಲಿನ ಕಣಜದ ಗೂಡು. ಐಐಎಸ್ಸಿಯ ರಾಘವೇಂದ್ರ ಗದಗ್ಕರ್ ಅನ್ನೋ ವಿಜ್ಞಾನಿ ಇಂಥದ್ದೇ ಒಂದು ಜಾತಿಯ ಕಣಜದ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಒಂದೊಂದು ಹುಳುವಿಗೂ ಬಣ್ಣದ ಚುಕ್ಕೆ ಇಟ್ಟು ಗುರುತು ಮಾಡೋದು, ಕೂತು ನೋಡೋದು, ಬರ್ಕೊಳ್ಳೋದು. ಹೀಗೆ ನೋಡಿನೋಡಿಯೇ ಗೂಡಿನ ರಾಣಿ ಯಾರು, ಅವಳು ಸತ್ತರೆ ಮುಂದಿನ ರಾಣಿ ಯಾರಾಗ್ತಾರೆ ಅನ್ನೋ ಪ್ರಶ್ನೆಗಳ ಬೆನ್ನು ಹತ್ತಿದವರು. ಕಡಿಮೆ ಖರ್ಚಲ್ಲಿ ಪ್ರಾಣಿಗಳ ವರ್ತನೆಯ ಪ್ರಯೋಗ ಹೇಗೆ ಮಾಡಬಹುದು ಅಂತಾನೇ ಅವರು ಬರೆದ "ಎಕ್ಸ್‌ಪೆರಿಮೆಂಟ್ಸ್ ಇನ್ ಅನಿಮಲ್ ಬಿಹೇವಿಯರ್" ಪುಸ್ತಕವನ್ನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ 2021ರಲ್ಲಿ ಪ್ರಕಟಿಸಿದೆ. ಅಕಾಡೆಮಿಯ ವೆಬ್‌ಸೈಟಲ್ಲಿ ಉಚಿತ. ಇಳಿಸ್ಕೊಳ್ಳಿ.

ಉತ್ತರ ಕನ್ನಡ ಕಡೆಯವರು ಕುಂಬಾರ ಕಪ್ಪೆ ಹೆಸರು ಕೇಳಿರ್ತೀರಿ. 2014ರಲ್ಲಿ ಹೊಸ ಜಾತಿ ಅಂತ ವಿವರಿಸಿದ್ರು. ಗಂಡು ಕಪ್ಪೆ ಮೊಟ್ಟೆಗಳಿಗೆ ಕೈಯಿಂದ ಮಣ್ಣು ಮೆತ್ತುತ್ತೆ, ಅದಕ್ಕೇ ಆ ಹೆಸರು. ಹಳ್ಳದ ಪಕ್ಕ ರಾತ್ರಿ ಯಾರೋ ತಾಳ್ಮೆಯಿಂದ ಕೂತಿದ್ದಕ್ಕೆ ಅದು ಗೊತ್ತಾಯ್ತು.

ಒಂದು ಬೇಸಿಗೆ ಒಂದು ಪ್ರಶ್ನೆ ಇಟ್ಕೊಳ್ಳಿ. ಅಂಗಳದ ಮಾವು, ಹೊಂಗೆ, ಹುಣಸೆ ಯಾವಾಗ ಚಿಗುರುತ್ತೆ, ಹೂ ಬಿಡುತ್ತೆ, ಕಾಯಿ ಕಟ್ಟುತ್ತೆ ಅಂತ ವಾರ ವಾರ ಬರೆದು ಸೀಸನ್‌ವಾಚ್‌ಗೆ ಹಾಕಬಹುದು. ಹಕ್ಕಿ ಎಣಿಸಿ ಇಬರ್ಡ್‌ಗೆ ಹಾಕಬಹುದು. ಫೆಬ್ರವರಿಯಲ್ಲಿ ನಾಲ್ಕು ದಿನ ಹಕ್ಕಿ ಎಣಿಕೆ ನಡೆಯುತ್ತೆ, ಕಾಲೇಜು ಆವರಣದಲ್ಲೇ ಮಾಡಬಹುದು. ತಾರೀಖು, ಸಮಯ, ಜಾಗ ಸರಿಯಾಗಿ ಬರೆದ 60 ದಿನದ ನೋಟ್‌ಬುಕ್ ಹಿಡ್ಕೊಂಡು ಹೋಗಿ ನೋಡಿ, ಮುಂದಿನ ವರ್ಷ ಅದನ್ನ ಯಾವ ವಿಜ್ಞಾನಿಯೂ ಪಕ್ಕಕ್ಕಿಡಲ್ಲ.

ಆದ್ರೆ ಇದನ್ನ ಹೇಳಿ ಲ್ಯಾಬಿನ ಬೇಡಿಕೆ ಬಿಟ್ಟುಕೊಡ್ತಿಲ್ಲ ನಾನು. ಹಳ್ಳಿಯವರಿಗೆ ಹಕ್ಕಿ, ಬೆಂಗಳೂರಿನವರಿಗೆ ಲ್ಯಾಬು ಅನ್ನೋ ಪಾಲುಪಟ್ಟಿ ನನಗೆ ಒಪ್ಪಿಗೆ ಇಲ್ಲ. ನಮಗೆ ಎರಡೂ ಬೇಕು.

8/8

ಕೊನೇದು. ಇದು ಕಾಲೇಜುಗಳಿಗೆ, ಮೇಷ್ಟ್ರುಗಳಿಗೆ. ನಮ್ಮ ಪ್ರಿನ್ಸಿಪಾಲರೂ ಈ ಅಕೌಂಟ್ ನೋಡ್ತಾರೆ ಅಂತ ಕೇಳಿದ್ದೀನಿ. ನಮಸ್ಕಾರ ಸರ್.

ನನ್ನ ಕ್ಲಾಸ್‌ಮೇಟ್ ಒಬ್ಬಳಿಗೆ ಫೆಲೋಶಿಪ್ ಸಿಕ್ಕಿತ್ತು. ನಮ್ಮ ಕಾಲೇಜಿನ ಮಟ್ಟಿಗೆ ಅದು ಹಬ್ಬ. ಆಮೇಲೆ ವಿಶ್ವವಿದ್ಯಾಲಯ ಸೆಮಿಸ್ಟರ್ ಪರೀಕ್ಷೆ ಮುಂದಕ್ಕೆ ಹಾಕ್ತು. ಹೊಸ ದಿನಾಂಕ ಸರಿಯಾಗಿ ಅವಳ ಎರಡು ತಿಂಗಳ ನಡುಮಧ್ಯೆ ಬಿತ್ತು. ಅರ್ಜಿ ಕೊಟ್ಟಳು, ಆಫೀಸಿಂದ ಆಫೀಸಿಗೆ ಅಲೆದಳು. ಎಲ್ಲರೂ "ನಮ್ಮ ಕೈಯಲ್ಲಿಲ್ಲಮ್ಮ" ಅಂದ್ರು. ಅವಳು ಫೆಲೋಶಿಪ್ ಬಿಟ್ಟಳು. ಆ ಸಂಜೆ ಕ್ಯಾಂಟೀನಲ್ಲಿ ಅವಳು ಚಹಾ ಮುಂದಿಟ್ಕೊಂಡು ಕೂತಿದ್ದು ನನಗಿನ್ನೂ ಕಣ್ಮುಂದೆ ಇದೆ. "ಹಳ್ಳಿ ಮಕ್ಕಳಿಗೆ ಆಸಕ್ತಿ ಇಲ್ಲ" ಅಂತ ಇನ್ನೊಂದು ಸಲ ಯಾರಾದ್ರೂ ಭಾಷಣ ಮಾಡಿದ್ರೆ ನಾನು ಅವಳ ಕಥೆ ಹೇಳ್ತೀನಿ.

ಹಾಗಾಗಿ ಕೇಳೋದು ಮೂರೇ.

ಒಂದು. ಅಕ್ಟೋಬರ್ ಮೊದಲ ವಾರ ನೋಟಿಸ್ ಬೋರ್ಡಲ್ಲಿ ಒಂದು ಹಾಳೆ. ಅಕಾಡೆಮಿ, ಜೆಎನ್‌ಸಿಎಎಸ್‌ಆರ್, ಇನ್‌ಸ್ಪೈರ್. ಜೆರಾಕ್ಸ್ ಖರ್ಚು ಎರಡು ರೂಪಾಯಿ. ನಾನೇ ಕೊಡ್ತೀನಿ.

ಎರಡು. ಶಿಫಾರಸು ಪತ್ರ ಕೇಳಿದ್ರೆ "ನಮ್ಮ ಕಾಲೇಜಿಂದ ಇದುವರೆಗೆ ಯಾರೂ ಹೋಗಿಲ್ಲ" ಅನ್ನಬೇಡಿ. ನನಗೆ ಪತ್ರ ಬರೆದುಕೊಟ್ಟಿದ್ದು ಅತಿಥಿ ಉಪನ್ಯಾಸಕಿಯೊಬ್ಬರು. ಅವರಿಗೆ ಆ ತಿಂಗಳ ಸಂಬಳ ಬಂದಿರಲಿಲ್ಲ. ಆದ್ರೂ ರಾತ್ರಿ ಕೂತು, ಇನ್ನೊಬ್ಬರ ಪತ್ರ ನಕಲು ಮಾಡದೆ, ನನ್ನ ಬಗ್ಗೆಯೇ ಬರೆದ್ರು. ಮೇಡಂ, ಓದ್ತಿದ್ರೆ ಒಂದು ವಿಷಯ: ಅಕಾಡೆಮಿಗಳ ಈ ಫೆಲೋಶಿಪ್ ಉಪನ್ಯಾಸಕರಿಗೂ ಇದೆ. ಈ ಸಲ ನೀವೂ ಹಾಕಿ.

ಮೂರು. ಫೆಲೋಶಿಪ್ ಸಿಕ್ಕ ವಿದ್ಯಾರ್ಥಿಗೆ ಪರೀಕ್ಷೆ ಅಡ್ಡ ಬಂದ್ರೆ ಬೇರೆ ದಿನ ಬರೆಯೋ ವ್ಯವಸ್ಥೆ ಮಾಡಿ. ಕ್ರೀಡಾಪಟುಗಳಿಗೆ ಕೇಳಿದ ಹಾಗೇ ಇದಕ್ಕೂ ಕೇಳ್ತೀವಿ. ಒಬ್ಬರು ಕೇಳಿದ್ರೆ ಅರ್ಜಿ, ನೂರು ಜನ ಕೇಳಿದ್ರೆ ನಿಯಮ.

ಜೂನಿಯರ್ಸ್, ನಿಮಗೆ ಒಂದೇ ಮಾತು. ಏಪ್ರಿಲಲ್ಲಿ ಪಾಂಪ್ಲೆಟ್ ಹಿಡ್ಕೊಂಡು ಬಂದವರಿಗೆ "ಒಂದು ಬ್ಯಾಚಿಗೆ ಎಷ್ಟು ಜನ, ಜೆಲ್ ಫೋಟೋ ನನ್ನದೇನಾ" ಅಂತ ಕೇಳಿ. ಮುಖ ನೋಡಿ, ಉತ್ತರ ಗೊತ್ತಾಗುತ್ತೆ.

ಅಪ್ಪನಿಗೆ ಹುಳುಗಳ ಫೋಟೋ ತೋರಿಸಿದಾಗ ಕನ್ನಡಕ ಹಾಕ್ಕೊಂಡು ತುಂಬಾ ಹೊತ್ತು ನೋಡಿದ್ರು. "ಇದಕ್ಕ ಎಷ್ಟ್ ರೊಕ್ಕ ಕೊಟ್ಟಿ?" ಅಂದ್ರು.

"ಏನೂ ಕೊಟ್ಟಿಲ್ಲಪ್ಪ" ಅಂದೆ.

ಸೇವ್ ಮಾಡ್ಕೊಳ್ಳಿ. ಕ್ಲಾಸ್ ಗ್ರೂಪಿಗೆ ಹಾಕಿ. ಪಕ್ಕದ ಬೆಂಚಿನವನಿಗೂ.

#ಬಿಎಸ್ಸಿ_ಬದುಕು #ಬೇಸಿಗೆ_ಸಂಶೋಧನೆ #ನವೆಂಬರ್_ನೆನಪಿಡಿ